ಮೇಕೆಗೆ ಆಗುವ ಸೊಪ್ಪು ಮೊಲಕ್ಕೆ ಆಗಲಿಲ್ಲ: ತುಮಕೂರಿನ ಒಂದು ಪ್ರಕರಣ

ತುಮಕೂರಿನ ಹೊರವಲಯದ ಮನೆ. ಅಮ್ಮ ಹೈಸ್ಕೂಲ್ ಟೀಚರ್, ಮಗಳು ಎಂಟನೇ ಕ್ಲಾಸು, ಜೊತೆಗೆ ತಾತ, ಅಜ್ಜಿ. ತಾತ ಊರಿನ ಹೊಲದಲ್ಲಿ ಇವತ್ತಿಗೂ ಏಳೆಂಟು ಮೇಕೆ ಇಟ್ಟುಕೊಂಡಿದ್ದಾರೆ. ಬೆಳಿಗ್ಗೆ ಟಿವಿಎಸ್ ಹತ್ತಿ ಹೋದರೆ ಬರುವುದು ಹೊತ್ತು ಇಳಿದ ಮೇಲೆ, ಹಿಂದೆ ಒಂದು ಹೊರೆ ಸೊಪ್ಪು ಕಟ್ಟಿಕೊಂಡು. ಮನೆಯಲ್ಲಿ ಎರಡು ಮೊಲ. ಬಿಳಿಯದು ಗಂಡು, ಹೆಸರು ಗುಂಡ. ಬೂದು ಬಣ್ಣದ್ದು ಹೆಣ್ಣು, ಪುಟ್ಟಿ. ಮರಿ ಮೇಲೆ ಮರಿ ಆದೀತೆಂದು ಎರಡಕ್ಕೂ ಬೇರೆ ಬೇರೆ ಗೂಡು.

ಏಪ್ರಿಲ್ ಕೊನೆಯಲ್ಲಿ ಎರಡನ್ನೂ ನನ್ನ ಕ್ಲಿನಿಕ್ಕಿಗೆ ತಂದರು. ದೂರು ಒಂದೇ: ಕೂದಲು ಉದುರುತ್ತಿದೆ. ಮೆಡಿಕಲ್ ಶಾಪಿನಲ್ಲಿ ಯಾರೋ ಕಜ್ಜಿ ಎಂದಿದ್ದರಿಂದ ಅಜ್ಜಿ ಬೇವಿನೆಣ್ಣೆ ಹಚ್ಚಿದ್ದರು. ಪಕ್ಕದ ಮನೆಯವರು ನಾಯಿಯ ಉಣ್ಣೆಗೆ ಹೊಡೆಯುವ ಸ್ಪ್ರೇ ಕೊಡಲು ಬಂದಿದ್ದರಂತೆ, ಪುಣ್ಯಕ್ಕೆ ಟೀಚರ್ ಬೇಡ ಎಂದಿದ್ದರು. ಅಂಥ ಸ್ಪ್ರೇಗಳಲ್ಲಿ ಇರುವ ಫಿಪ್ರೋನಿಲ್ ನಾಯಿಗೆ ಸರಿ, ಮೊಲದ ಪ್ರಾಣಕ್ಕೇ ಅಪಾಯ. ಈ ಪ್ರಕರಣಕ್ಕೆ ನೇರ ಸಂಬಂಧವಿಲ್ಲದಿದ್ದರೂ ಹೇಳಿಬಿಡುತ್ತೇನೆ, ಏಕೆಂದರೆ ಕೂದಲು ಉದುರಿದ ಮೊಲಕ್ಕೆ ಜನ ಮೊದಲು ಮಾಡುವ ಕೆಲಸವೇ ಅದು.

ಮೇಜಿನ ಮೇಲೆ ಕಂಡಿದ್ದು

ಗುಂಡನ ಬೆನ್ನ ಮೇಲೆ ಕೈಯಾಡಿಸಿದರೆ ಕೂದಲು ಬುಡಸಮೇತ ಬೆರಳಿಗೆ ಬರುತ್ತಿತ್ತು. ಎಳೆಯುವ ಅಗತ್ಯವೇ ಇರಲಿಲ್ಲ. ಸೊಂಟದ ಮೇಲೆ ಅಂಗೈಯಗಲ ಬೋಳು, ಎರಡೂ ಪಕ್ಕೆಗಳಲ್ಲಿ ತೆಳುವಾಗಿತ್ತು. ಆದರೆ ಕೆಳಗಿನ ಚರ್ಮ ಮಾತ್ರ ಶುದ್ಧವಾಗಿತ್ತು. ನುಣುಪು, ತಿಳಿ ಗುಲಾಬಿ. ಹೊಟ್ಟಿಲ್ಲ, ಹಕ್ಕಳೆಯಿಲ್ಲ, ಕೆರೆದುಕೊಂಡ ಗೀರಿಲ್ಲ. ಕಿವಿಯೊಳಗೂ ಕಪ್ಪು ಕೊಳೆಯಂಥದ್ದೇನೂ ಇರಲಿಲ್ಲ. ಜ್ವರ ಇರಲಿಲ್ಲ; ಮೊಲದ ಮೈಬಿಸಿ ಸಹಜವಾಗಿಯೇ 38.5ರಿಂದ 40 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಇದರದ್ದು ಅದರೊಳಗೇ ಇತ್ತು. ಆದರೆ ತೂಕ ಇಳಿದಿತ್ತು. ಹುಡುಗಿ ಒಂದು ನೋಟ್‌ಬುಕ್ಕಿನಲ್ಲಿ ತೂಕ ಬರೆದಿಡುತ್ತಿದ್ದಳು. ಫೆಬ್ರವರಿಯಲ್ಲಿ 2.1 ಕೆಜಿ ಇದ್ದದ್ದು ಈಗ 1.8. ಹಿಕ್ಕೆಯೂ ಸಣ್ಣದಾಗಿ, ಕಡಿಮೆಯಾಗಿದೆ ಎಂದಳು. ಅಷ್ಟು ಗಮನಿಸುವ ಮಕ್ಕಳಿದ್ದರೆ ಡಾಕ್ಟರ ಅರ್ಧ ಕೆಲಸ ಮುಗಿದಂತೆ.

ಪುಟ್ಟಿಗೂ ಇದೇ ತೊಂದರೆ, ಆದರೆ ತುಂಬ ಕಡಿಮೆ. ಪಕ್ಕೆಯಲ್ಲಿ ಕೂದಲು ಸಡಿಲ, ಬೋಳು ಎಲ್ಲೂ ಇಲ್ಲ.

ಮೊಲದ ಕೂದಲು ಹೋಗುವುದಕ್ಕೆ ಕಾರಣಗಳು ಹಲವು. ಕಜ್ಜಿಯ ಹುಳುವಾದರೆ ತುರಿಕೆ, ಹೊಟ್ಟು, ಹಕ್ಕಳೆ ಇರುತ್ತದೆ. ಹುಳುಕಡ್ಡಿಯಾದರೆ ಮುಖ, ಕಿವಿ, ಪಾದಗಳಲ್ಲಿ ದುಂಡಗೆ ಶುರುವಾಗುತ್ತದೆ, ಎಷ್ಟೋ ಸಲ ಆಡಿಸುವ ಮಕ್ಕಳ ಕೈಯಲ್ಲೂ ಕಾಣುತ್ತದೆ. ಹುಡುಗಿಯ ಕೈ ನೋಡಿದೆ, ಏನೂ ಇರಲಿಲ್ಲ. ಗರ್ಭ ಕಟ್ಟಿದ ಅಥವಾ ಕಟ್ಟಿದೆಯೆಂಬ ಭ್ರಮೆಯಲ್ಲಿರುವ ಹೆಣ್ಣು ಮೊಲ ಗೂಡು ಮಾಡಲು ಎದೆ, ಹೊಟ್ಟೆಯ ಕೂದಲು ತಾನೇ ಕಿತ್ತುಕೊಳ್ಳುತ್ತದೆ. ಇಲ್ಲಿ ಹೆಚ್ಚು ಬೋಳಾಗಿರುವುದು ಗಂಡು, ಅದೂ ಎದೆ, ಹೊಟ್ಟೆಯಲ್ಲಲ್ಲ, ಸೊಂಟದ ಮೇಲೆ. ಒಂದೇ ಗೂಡಿನ ಮೊಲಗಳು ಒಂದರ ಕೂದಲನ್ನು ಇನ್ನೊಂದು ಕಡಿಯುವುದೂ ಉಂಟು, ಇಲ್ಲಿ ಗೂಡೇ ಬೇರೆ. ಹಳೆ ಕೂದಲು ಉದುರಿಸುವ ಕಾಲವಾಗಿದ್ದರೆ ಅಡಿಯಲ್ಲಿ ಹೊಸದು ಮೊಳೆತಿರಬೇಕಿತ್ತು. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಹುಳು, ಬೂಷ್ಟು ಎರಡೂ ಸಿಗಲಿಲ್ಲ.

ಉಳಿದದ್ದು ಮೇವು.

ಸಂಚಿಯಲ್ಲಿ ಬಂದ ಕಡ್ಡಿ

"ಏನು ಹಾಕ್ತೀರಿ?" ಎಂದರೆ "ಸೊಪ್ಪು" ಎಂಬ ಉತ್ತರ ಬಂತು. ಎಲ್ಲರೂ ಕೊಡುವ ಉತ್ತರ ಅದು, ಅದರಿಂದ ಏನೂ ತಿಳಿಯುವುದಿಲ್ಲ. ಕೆದಕಿದಾಗ ಕಥೆ ಬಿಚ್ಚಿಕೊಂಡಿತು. ಮೊದಲು ಅಂಗಡಿಯ ಪೆಲೆಟ್, ಕ್ಯಾರೆಟ್ಟು, ಕೊತ್ತಂಬರಿ. ಪೆಲೆಟ್ ಒಂದನ್ನೇ ಹಾಕಬಾರದು, ಹಸಿ ಮೇವು ಬೇಕು ಎಂದು ಟೀಚರ್ ಎಲ್ಲೋ ಓದಿದ್ದರು. ಓದಿದ್ದು ಸರಿಯಾಗಿಯೇ ಇತ್ತು. ಆ ಕೆಲಸ ತಾತ ವಹಿಸಿಕೊಂಡರು. ಮಾರ್ಚ್ ಹೊತ್ತಿಗೆ ಬಿಸಿಲಿಗೆ ಗರಿಕೆ ಸುಟ್ಟು ಹೋಯಿತು. ಬದುವಿನಲ್ಲಿ ಹಸಿರಾಗಿ ನಿಂತಿದ್ದ ಮರವೊಂದೇ. ಅದರ ಕೊಂಬೆ ತರಿದು ಮೇಕೆಗೆ ಹಾಕುವಾಗ ಮೊಲಕ್ಕೂ ಒಂದು ಹೊರೆ ಬಂತು. ಗುಂಡ ಮುಗಿಬಿದ್ದು ತಿಂದ. ಬೆಳಿಗ್ಗೆ ಒಂದು ಕಟ್ಟು, ಸಂಜೆ ಒಂದು ಕಟ್ಟು, ವಾರಗಟ್ಟಲೆ. ಪುಟ್ಟಿಗೆ ಅದರ ರುಚಿ ಅಷ್ಟಾಗಿ ಹಿಡಿಸಲಿಲ್ಲ, ಅವಳಿಗೆ ಪೆಲೆಟ್ ಮುಂದುವರಿಯಿತು.

ಮರ ಯಾವುದು? "ಹುಣಸೆ ಥರ ಎಲೆ" ಎಂದಳು ಹುಡುಗಿ. ತಾತ ಮರುದಿನ ಪ್ಲಾಸ್ಟಿಕ್ ಸಂಚಿಯಲ್ಲಿ ಒಂದು ಕಡ್ಡಿ ತಂದರು. ಒಂದು ನಡುದಿಂಡು, ಅದರ ಎರಡೂ ಬದಿಗೆ ಗರಿಗಳು, ಒಂದೊಂದು ಗರಿಯಲ್ಲೂ ಸಾಲಾಗಿ ಹುಣಸೆಗಿಂತ ಕಿರಿದಾದ ಎಲೆಗಳು. ತುದಿಯಲ್ಲಿ ಪೌಡರ್ ಹಚ್ಚುವ ಪಫ್‌ನಂಥ ದುಂಡನೆಯ ಬಿಳಿ ಹೂ. ಪಕ್ಕದಲ್ಲೇ ಗೊಂಚಲು ಗೊಂಚಲಾಗಿ ಚಪ್ಪಟೆ ಕಂದು ಕಾಯಿ, ಅಲ್ಲಾಡಿಸಿದರೆ ಬೀಜ ಗಲಗಲ ಎನ್ನುತ್ತದೆ. ಸುಬಾಬುಲ್.

ಮೆಕ್ಸಿಕೊ ಮೂಲದ ಈ ಮರವನ್ನು ಮೇವಿಗೂ ಆಯಿತು ಸೌದೆಗೂ ಆಯಿತು ಎಂದು 1970, 80ರ ದಶಕಗಳಲ್ಲಿ ದೇಶದುದ್ದಕ್ಕೂ ನೆಟ್ಟರು. ಬರ ತಡೆಯುತ್ತದೆ, ಕಡಿದಷ್ಟೂ ಚಿಗುರುತ್ತದೆ, ಸೊಪ್ಪಿನಲ್ಲಿ ಪ್ರೊಟೀನ್ ಧಾರಾಳ. ಬಯಲುಸೀಮೆಯ ಮೇಕೆ ಸಾಕುವವರಿಗೆ ಬೇಸಿಗೆಯ ಆಪದ್ಬಂಧು. ಆದರೆ ಇದರ ಎಲೆಯಲ್ಲಿ ಮಿಮೋಸಿನ್ ಎಂಬ ಅಮೈನೊ ಆಮ್ಲವೊಂದಿದೆ. ಒಣ ತೂಕದ ಲೆಕ್ಕದಲ್ಲಿ ಸಾಮಾನ್ಯವಾಗಿ ಶೇ. 2ರಿಂದ 5, ಎಳೆ ಕುಡಿಯಲ್ಲಿ ಇನ್ನೂ ಜಾಸ್ತಿ. ಅದು ರಕ್ತಕ್ಕೆ ಸೇರಿದರೆ ಜೀವಕೋಶಗಳು ಇಬ್ಭಾಗವಾಗುವುದನ್ನು ತಡೆಯುತ್ತದೆ. ದೇಹದಲ್ಲಿ ಬಿಡುವಿಲ್ಲದೆ ಕೋಶ ಹುಟ್ಟುತ್ತಿರುವ ಜಾಗಗಳಲ್ಲಿ ಕೂದಲಿನ ಬುಡವೂ ಒಂದು. ಹೀಗಾಗಿ ಪೆಟ್ಟು ಮೊದಲು ಅಲ್ಲಿ ಕಾಣುತ್ತದೆ. ಆಸ್ಟ್ರೇಲಿಯಾದಲ್ಲಿ ಒಂದು ಕಾಲಕ್ಕೆ ಕತ್ತರಿಯಿಲ್ಲದೆ ಕುರಿಯ ಉಣ್ಣೆ ಬಿಡಿಸಲು ಮಿಮೋಸಿನ್ ಕೊಟ್ಟು ಪ್ರಯೋಗ ಮಾಡಿದ್ದೂ ಉಂಟು.

ತಾತ ಒಪ್ಪಲಿಲ್ಲ. "ಅಲ್ಲ ಡಾಕ್ಟ್ರೇ, ನಮ್ಮ ಮೇಕೆ ವರ್ಷಾನುಗಟ್ಲೆ ಇದನ್ನೇ ತಿಂತಾವೆ. ಒಂದು ಕೂದ್ಲು ಉದುರಿಲ್ಲ. ವರ್ಷಕ್ಕೊಂದು ಸೂಲು ಮರಿ ಹಾಕ್ತಾವೆ. ಮೊಲಕ್ಕೇನು ಕೇಡು ಬಂತು?"

ಒಳ್ಳೆಯ ಪ್ರಶ್ನೆ. ಇಡೀ ಪ್ರಕರಣ ನಿಂತಿರುವುದೇ ಇದರ ಮೇಲೆ.

ಮೇಕೆ ತಿಂದದ್ದು ಮೊದಲು ಹೋಗುವುದು ಮೆಲುಕು ಚೀಲಕ್ಕೆ. ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಸೊಪ್ಪನ್ನು ಕೊಳೆಸಿ, ಒಡೆದು, ಎಷ್ಟೋ ವಿಷಗಳನ್ನು ಅಲ್ಲೇ ಮುರಿದು ಹಾಕುತ್ತವೆ. ಕರುಳು ಹೀರಿಕೊಳ್ಳುವುದು ಆಮೇಲೆ. ಮೊಲದಲ್ಲಿ ಇದು ತಿರುಗುಮುರುಗು. ಹೊಟ್ಟೆ, ಸಣ್ಣ ಕರುಳು ಮೊದಲು, ಅಲ್ಲೇ ರಕ್ತಕ್ಕೆ ಹೀರಿಕೆ. ಸೂಕ್ಷ್ಮಜೀವಿಗಳಿರುವುದು ಅದರಾಚೆಯ ಕುರುಡು ಕರುಳಿನಲ್ಲಿ. ಆ ಕರುಳು ಮೊಲದಲ್ಲಿ ಬಹಳ ದೊಡ್ಡದು, ಜೀರ್ಣಾಂಗದ ಒಟ್ಟು ಗಾತ್ರದಲ್ಲಿ ಸುಮಾರು ಶೇ. 40 ಅದೇ. ಆದರೆ ಅಷ್ಟು ದೊಡ್ಡದಿದ್ದೂ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ, ವಿಷ ಅಲ್ಲಿಗೆ ತಲುಪುವ ಮೊದಲೇ ಮೈಗೆ ಸೇರಿರುತ್ತದೆ. ಮೇಕೆ ಹುದುಗಿಸಿ ಹೀರುತ್ತದೆ, ಮೊಲ ಹೀರಿ ಹುದುಗಿಸುತ್ತದೆ. ಇಷ್ಟೇ ವ್ಯತ್ಯಾಸ.

ಮೆಲುಕು ಹಾಕುವ ಪ್ರಾಣಿಗಳಿಗೂ ಈ ರಕ್ಷಣೆ ಹುಟ್ಟಿನಿಂದ ಬಂದದ್ದಲ್ಲ ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ಹವಾಯಿಯ ಮೇಕೆಗಳು ಸುಬಾಬುಲ್ ತಿಂದು ಚೆನ್ನಾಗಿಯೇ ಇದ್ದವು, ಆಸ್ಟ್ರೇಲಿಯಾದ ದನಗಳು ಅದೇ ಸೊಪ್ಪು ತಿಂದು ಸೊರಗುತ್ತಿದ್ದವು. ರೇಮಂಡ್ ಜೋನ್ಸ್ ಎಂಬ ವಿಜ್ಞಾನಿ 1980ರ ದಶಕದ ಆರಂಭದಲ್ಲಿ ಹವಾಯಿ ಮೇಕೆಯ ಮೆಲುಕು ಚೀಲದ ರಸವನ್ನು ಆಸ್ಟ್ರೇಲಿಯಾಕ್ಕೆ ಒಯ್ದು ಅಲ್ಲಿನ ಪ್ರಾಣಿಗಳಿಗೆ ಕೊಟ್ಟರು, ತೊಂದರೆ ತಗ್ಗಿತು. ಕೆಲಸ ಮಾಡಿದ್ದು ಒಂದು ಬ್ಯಾಕ್ಟೀರಿಯಾ. 1992ರಲ್ಲಿ ಅದಕ್ಕೆ ಅವರ ಹೆಸರನ್ನೇ ಸೇರಿಸಿ ಸಿನರ್ಜಿಸ್ಟಿಸ್ ಜೋನ್ಸಿಯೈ ಎಂದು ಹೆಸರಿಟ್ಟರು. ಅಂದರೆ ಸುಬಾಬುಲ್ ಅರಗಿಸುತ್ತಿರುವುದು ಮೇಕೆಯಲ್ಲ, ಮೇಕೆಯ ಹೊಟ್ಟೆಯೊಳಗಿನ ಬಾಡಿಗೆದಾರರು.

ತಾತನಿಗೆ ಬ್ಯಾಕ್ಟೀರಿಯಾ ಕಥೆಗಿಂತ ಕುದುರೆಯ ಮಾತು ನಾಟಿತು. ಸುಬಾಬುಲ್ ಹೆಚ್ಚು ತಿಂದ ಕುದುರೆಯ ಜೂಲು, ಬಾಲದ ಕೂದಲು ಉದುರುತ್ತದೆ. ಕುದುರೆಯೂ ಮೊಲದಂತೆಯೇ ಹಿಂಗರುಳಿನಲ್ಲಿ ಹುದುಗಿಸುವ ಪ್ರಾಣಿ. "ಹಂಗಾದ್ರೆ ಮೊಲ ಕುದುರೆ ಜಾತಿ ಅನ್ನಿ" ಎಂದರು. ಹೊಟ್ಟೆಯ ಮಟ್ಟಿಗೆ ಹೌದು ಎಂದೆ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಆಡಿನ ಬಗ್ಗೆ ಮಾತ್ರ ನಿಜ.

ರಕ್ತದಲ್ಲಿ ಮಿಮೋಸಿನ್ ಅಳೆಯುವ ಸೌಕರ್ಯ ನಮ್ಮಂಥ ಕಡೆ ಇಲ್ಲ. ಹಾಗಾಗಿ ಇದು ಬೇರೆ ಕಾರಣಗಳನ್ನು ಒಂದೊಂದಾಗಿ ಕಳೆದು ಬಂದ ತೀರ್ಮಾನ. ಹೆಚ್ಚು ತಿಂದವನಿಗೆ ಹೆಚ್ಚು, ಕಡಿಮೆ ತಿಂದವಳಿಗೆ ಕಡಿಮೆ ಎಂಬುದು ಅದಕ್ಕೆ ಬಲ ಕೊಟ್ಟಿತು. ಸೊಪ್ಪು ನಿಲ್ಲಿಸಿದರೆ ಕೂದಲು ಮರಳಬೇಕು, ಮರಳದಿದ್ದರೆ ನನ್ನ ಲೆಕ್ಕ ತಪ್ಪು.

ನಿಲ್ಲಿಸುವುದು ಸುಲಭ, ಬದಲಿಗೆ ಏನು?

ಇದಕ್ಕೆ ಪ್ರತಿವಿಷ ಇಲ್ಲ, ಸುಬಾಬುಲ್ ನಿಲ್ಲಿಸುವುದೇ ಚಿಕಿತ್ಸೆ. ಆದರೆ ಹೆದರಿಕೆಯಲ್ಲಿ ಜನ ಎಲ್ಲ ಸೊಪ್ಪನ್ನೂ ನಿಲ್ಲಿಸಿ ಮೊಲವನ್ನು ಉಪವಾಸ ಕೆಡವುತ್ತಾರೆ. ಅದು ಇನ್ನೂ ಕೆಟ್ಟದ್ದು. ಮೊಲದ ಕರುಳು ನಡೆಯುತ್ತಿರಬೇಕಾದರೆ ನಾರು ಒಂದೇ ಸಮ ಒಳಗೆ ಹೋಗುತ್ತಿರಬೇಕು. ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ ಮೂಲೆ ಸೇರಿದ ಮೊಲವನ್ನು ಬೆಳಿಗ್ಗೆ ನೋಡೋಣ ಎಂದು ಬಿಡುವಂತಿಲ್ಲ, ಆಗಲೇ ಡಾಕ್ಟರ ಹತ್ತಿರ ಒಯ್ಯಬೇಕು. ಅದಕ್ಕೆ ವಾಂತಿ ಮಾಡುವ ಶಕ್ತಿಯೂ ಇಲ್ಲ. ಒಳಗೆ ಹೋದದ್ದು ಇಡೀ ದಾರಿ ಸವೆಸಿಯೇ ಹೊರಬರಬೇಕು. ವಿಷದ ಗಿಡ ತಿಂದ ನಾಯಿ ಕಕ್ಕಿ ಬದುಕಿದ ಕಥೆಗಳನ್ನು ಮೊಲಕ್ಕೆ ಅನ್ವಯಿಸಬೇಡಿ.

ಮೇವಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಹುಲ್ಲೇ ಇರಬೇಕು, ಹಸಿಯೋ ಒಣಗಿದ್ದೋ. ಹುಲ್ಲು ಬೇಕಿರುವುದು ಹೊಟ್ಟೆಗೆ ಮಾತ್ರವಲ್ಲ. ಮೊಲದ ಹಲ್ಲು ಸಾಯುವ ತನಕ ಬೆಳೆಯುತ್ತದೆ, ಮುಂದಿನ ಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್. ಒರಟು ಹುಲ್ಲು ಅಗಿದಗಿದು ಅದು ಸವೆಯಬೇಕು. ಪೇಟೆಯಲ್ಲಿ ಚೀಲದಲ್ಲಿ ಬರುವ ವಿದೇಶಿ ಒಣಹುಲ್ಲಿನ ಬೆಲೆ ಕೇಳಿ ಟೀಚರ್ ಹೌಹಾರಿದ್ದರು. ಅದೇ ಬೇಕೆಂದೇನಿಲ್ಲ. ತಾತನ ಊರಿನಲ್ಲಿ ರಾಗಿ ಹುಲ್ಲಿನ ಬಣವೆ ಇತ್ತು. ರಾಗಿ ಹುಲ್ಲಿನಲ್ಲಿ ಸತ್ವ ಕಡಿಮೆ, ನಾರು ಚೆನ್ನಾಗಿದೆ. ಗೂಡಿನಲ್ಲಿ ಸದಾ ಇರಲಿ, ಅದರ ಜೊತೆಗೆ ಹಸಿ ಹುಲ್ಲು ಎಂದು ಶುರು ಮಾಡಿದೆವು. ಬಣವೆಯ ಒಳಮಗ್ಗುಲಿನ ಹುಲ್ಲು ತನ್ನಿ, ಮುಗ್ಗಲು ವಾಸನೆ ಅಥವಾ ಬಿಳಿ ಬೂಷ್ಟು ಕಂಡರೆ ಬಿಸಾಡಿ ಎಂದೆ. ಪೆಲೆಟ್ ಒಂದು ಕೆಜಿ ತೂಕಕ್ಕೆ ದಿನಕ್ಕೆ 20ರಿಂದ 25 ಗ್ರಾಂ ಸಾಕು. ಗುಂಡನಿಗೆ ಅಷ್ಟೇ ಕೊಟ್ಟು, ಪುಟ್ಟಿಗೆ ಇಳಿಸಿದೆವು.

ಇಷ್ಟು ಹೇಳಿ ಕಳಿಸಬಹುದಿತ್ತು. ಆದರೆ ಸುಬಾಬುಲ್ ಒಂದನ್ನು ಬೇಡ ಎಂದರೆ ತಾತ ನಾಳೆ ಇನ್ನೊಂದು ತರುತ್ತಾರೆ. ಪಟ್ಟಿ ಕೊಟ್ಟರೆ ಪಟ್ಟಿಯಲ್ಲಿಲ್ಲದ್ದು ತರುತ್ತಾರೆ. ಹಾಗಾಗಿ ಹಳ್ಳಿ ಕಡೆ ಹಸು ನೋಡಿ ಬರುವ ದಾರಿಯಲ್ಲಿ ಅವರ ಮನೆಗೇ ಹೋದೆ.

ಹಿತ್ತಲಿನಲ್ಲಿ ಒಂದು ಸುತ್ತು

ಗೇಟಿನಿಂದಲೇ ಕೆಲಸ ಶುರುವಾಯಿತು. ಕಾಂಪೌಂಡಿಗೆ ಒತ್ತಿ ಕಣಗಿಲೆಯ ಸಾಲು, ಅದರ ಬುಡದಲ್ಲಿ ಸೊಂಪಾದ ಗರಿಕೆ, ದಿನಾ ನೀರು ಬೀಳುವ ಜಾಗ. ಹುಡುಗಿ ಗರಿಕೆ ಕೀಳುತ್ತಿದ್ದದ್ದು ಅಲ್ಲೇ. ಗರಿಕೆ ಮೊಲಕ್ಕೆ ಒಳ್ಳೆಯದು, ತಕರಾರಿಲ್ಲ. ಆದರೆ ಬಗ್ಗಿ ಒಂದು ಹಿಡಿ ಕಿತ್ತು ಬಿಡಿಸಿ ನೋಡಿದರೆ ನಡುವೆ ಕಣಗಿಲೆಯ ಮೂರು ಒಣ ಎಲೆ. ಕಣಗಿಲೆಯ ಎಲೆ, ಹೂ, ಕಡ್ಡಿ ಎಲ್ಲ ವಿಷ, ಹೃದಯದ ಬಡಿತವನ್ನೇ ಕೆಡಿಸುವಂಥದ್ದು, ಒಣಗಿದರೂ ಅದರ ವಿಷ ಹೋಗುವುದಿಲ್ಲ. ಹಸಿ ಎಲೆಯ ಕಹಿಗೆ ಪ್ರಾಣಿ ಮೂತಿ ತಿರುಗಿಸೀತು, ಒಣಹುಲ್ಲಿನ ಜೊತೆ ಸೇರಿದ್ದು ಗೊತ್ತಾಗದೆ ಹೋದೀತು. ಗಿಡ ಕಡಿಯಬೇಕಿಲ್ಲ, ಅಜ್ಜಿಗೆ ಪೂಜೆಗೆ ಹೂ ಬೇಕು. ಅದರ ಕೆಳಗಿನ ಹುಲ್ಲು ಮಾತ್ರ ಬೇಡ. ರಸ್ತೆ ಬದಿಯ ಚರಂಡಿ ಪಕ್ಕದ್ದೂ ಬೇಡ, ನಾಯಿಗಳು ಕಾಲೆತ್ತುವ ಜಾಗ ಅದು.

ಗರಿಕೆಯ ಹಿಡಿಯಲ್ಲಿ ಇನ್ನೊಂದು ಇತ್ತು, ಮೂರು ಪುಟ್ಟ ಹೃದಯ ಜೋಡಿಸಿದಂಥ ಎಲೆ, ಹಳದಿ ಹೂ. ಹುಡುಗಿಯ ಮೊಬೈಲ್ ಅದನ್ನು ಕ್ಲೋವರ್ ಎಂದಿತಂತೆ. ಅಲ್ಲ, ಅದು ಹುಳಿಸೊಪ್ಪು. ನಾಲಿಗೆಗೆ ಇಟ್ಟರೆ ಗೊತ್ತಾಗುವ ಆ ಹುಳಿ ಆಕ್ಸಲೇಟಿನದು. ಹುಲ್ಲಿನ ಜೊತೆ ನಾಲ್ಕೆಲೆ ಹೋದರೆ ಏನೂ ಆಗದು, ಬುಟ್ಟಿಗಟ್ಟಲೆ ಆರಿಸಿ ಹಾಕುವುದು ಬೇಡ. ಇದೇ ಕಾರಣಕ್ಕೆ ಪಾಲಕ್, ಬಸಳೆ, ದಂಟು ಕೂಡ ವಾರಕ್ಕೆ ಒಂದೆರಡು ಸಲ, ಸ್ವಲ್ಪವೇ.

ಜಗಲಿಯಲ್ಲಿ ಮನಿ ಪ್ಲಾಂಟ್, ಪಕ್ಕದಲ್ಲಿ ಡೈಫೆನ್‌ಬಾಕಿಯಾ. ಎರಡರಲ್ಲೂ ಸೂಜಿಯಂಥ ಹರಳುಗಳಿವೆ, ಕಚ್ಚಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತದೆ. ಪತ್ರೊಡೆ ಕೆಸುವಿನ ತುರಿಕೆಯೂ ಇದೇ ಹರಳಿನದು. ಸಂಜೆ ಮೊಲವನ್ನು ಆಡಲು ಬಿಡುವುದು ಈ ಜಗಲಿಯಲ್ಲೇ. ಕುಂಡಗಳನ್ನು ಆಗಲೇ ಮೇಲಕ್ಕೆ ತೂಗುಹಾಕಿದರು. ನೇತಾಡುವ ಬಳ್ಳಿಯ ತುದಿ ಕತ್ತರಿಸಬೇಕು ಎಂದು ನೆನಪಿಸಿದೆ, ಹಿಂಗಾಲ ಮೇಲೆ ನಿಂತ ಮೊಲಕ್ಕೆ ಒಂದೂವರೆ ಅಡಿ ಏನೂ ಅಲ್ಲ.

ಹಿತ್ತಲಿನಲ್ಲಿ ಒಳ್ಳೆಯ ಸುದ್ದಿಗಳಿದ್ದವು. ದಾಸವಾಳದ ದೊಡ್ಡ ಪೊದೆ, ಅದರ ಎಲೆ, ಹೂ ಎರಡೂ ಮೊಲಕ್ಕೆ ಆಗುತ್ತದೆ, ಇಷ್ಟಪಟ್ಟು ತಿನ್ನುತ್ತದೆ. ಕಡ್ಡಿಯ ಸಂದಿಯಲ್ಲಿ ಹತ್ತಿಯಂಥ ಬಿಳಿ ಹಿಟ್ಟು ತಿಗಣೆ ಕೂತಿತ್ತು. ಔಷಧಿ ಹೊಡೆಯುವುದಾದರೆ ದಾಸವಾಳವನ್ನು ಪಟ್ಟಿಯಿಂದ ತೆಗೆಯಿರಿ, ಇಲ್ಲವಾದರೆ ನೀರಿನ ರಭಸಕ್ಕೆ ತೊಳೆದು ಬಿಡಿ ಎಂದೆ. ಎರಡನೆಯದನ್ನೇ ಒಪ್ಪಿದರು. ಪುದೀನ, ಕೊತ್ತಂಬರಿ, ಕಾಮಕಸ್ತೂರಿ ದಿನಾ ಒಂದೊಂದು ಕಡ್ಡಿ ಹಾಕಬಹುದು. ತುಳಸಿಯ ಕುಡಿಯೂ ಆಗುತ್ತದೆ ಎಂದದ್ದೇ ತಡ, ಅಜ್ಜಿ "ಕಟ್ಟೇದು ಮುಟ್ಟಂಗಿಲ್ಲ" ಎಂದರು. ಸರಿ, ಮುಟ್ಟುವುದು ಬೇಡ.

ನುಗ್ಗೆ ಸೊಪ್ಪಿನ ಬಗ್ಗೆ ತಾತನಿಗೆ ಬಹಳ ಭರವಸೆ. ನುಗ್ಗೆಯಲ್ಲಿ ವಿಷವಿಲ್ಲ, ಪ್ರೊಟೀನೂ ಸುಣ್ಣಾಂಶವೂ ಧಾರಾಳ. ತೊಂದರೆ ಇರುವುದು ಆ ಧಾರಾಳದಲ್ಲೇ. ನಾವು ಹೆಚ್ಚು ಸುಣ್ಣಾಂಶ ತಿಂದರೆ ಕರುಳು ಬೇಕಾದಷ್ಟನ್ನೇ ಹೀರುತ್ತದೆ. ಮೊಲ ಸಿಕ್ಕಿದ್ದನ್ನೆಲ್ಲ ಹೀರಿ, ಹೆಚ್ಚಾದದ್ದನ್ನು ಮೂತ್ರದಲ್ಲಿ ಬಿಡುತ್ತದೆ. ಮೊಲದ ಮೂತ್ರ ಮಜ್ಜಿಗೆ ನೀರಿನಂತೆ ಬೆಳ್ಳಗಿರುವುದಕ್ಕೆ ಕಾರಣ ಅದೇ. ನೀರು ಕಡಿಮೆ ಕುಡಿದು ಇಂಥ ಸೊಪ್ಪು ಹೆಚ್ಚು ತಿಂದರೆ ಮೂತ್ರಚೀಲದಲ್ಲಿ ಮರಳಿನಂತೆ ಕೂರುತ್ತದೆ. ಹೀಗಾಗಿ ನುಗ್ಗೆ ಅಪರೂಪಕ್ಕೆ ಒಂದು ಸಣ್ಣ ಗರಿ. ಮೂತ್ರ ಒಮ್ಮೊಮ್ಮೆ ಕಿತ್ತಳೆ, ಕೆಂಪು ಬಣ್ಣಕ್ಕೆ ತಿರುಗುವುದೂ ಉಂಟು, ಹಲವು ಸಲ ಅದು ಸೊಪ್ಪಿನ ಬಣ್ಣವೇ. ಮೂತ್ರಕ್ಕೆ ತಿಣುಕುತ್ತಾ ಕೂತರೆ, ಕೆಂಪು ಬಿಡದೆ ಮುಂದುವರಿದರೆ ತೋರಿಸಬೇಕು.

ಮೂಲೆಯಲ್ಲಿ ನಿತ್ಯಪುಷ್ಪ. ಅಜ್ಜಿ ಹೇಳಿದರು, ಇದು ಸಕ್ಕರೆ ಕಾಯಿಲೆಗೆ ಔಷಧಿ, ಮೊಲಕ್ಕೂ ಒಳ್ಳೇದಲ್ವೇ? ಈ ಗಿಡದಿಂದ ಕ್ಯಾನ್ಸರ್ ಔಷಧಿಗಳಾದ ವಿನ್‌ಕ್ರಿಸ್ಟೀನ್, ವಿನ್‌ಬ್ಲಾಸ್ಟೀನ್ ತೆಗೆಯುತ್ತಾರೆ ಎನ್ನುವುದು ನಿಜ. ಹಾಗೆ ತೆಗೆಯಲು ಆಗುತ್ತದೆ ಎಂಬುದೇ ಅದನ್ನು ಮೊಲದ ಬಾಯಿಂದ ದೂರ ಇಡಲು ಸಾಕಾದ ಕಾರಣ. ಔಷಧಿ ಗಿಡ ಎಂದರೆ ದೇಹದ ಮೇಲೆ ಏನೋ ಮಾಡುವ ಗಿಡ. ಎರಡು ಕೆಜಿ ಮೈಯ ಪ್ರಾಣಿಗೆ ಒಂದು ಹಿಡಿ ಎಲೆ ಎಷ್ಟು ದೊಡ್ಡ ಡೋಸು ಎಂದು ಯೋಚಿಸಿದರೆ ಸಾಕು. ಇದೇ ಮಾತು ಲೋಳೆಸರಕ್ಕೆ, ಅಮೃತಬಳ್ಳಿಗೆ.

ಬೇಲಿಯಾಚೆ ಲಂಟಾನ, ಎಕ್ಕ, ಹರಳು, ಉಮ್ಮತ್ತಿ, ಕಾಂಗ್ರೆಸ್ ಗಿಡ ಎಲ್ಲ ಒಟ್ಟಿಗೇ ಇದ್ದವು. ಒಂದೂ ಬೇಡ. ಲಂಟಾನ ಯಕೃತ್ತನ್ನು ಕೆಡಿಸಿ ಕಾಮಾಲೆ ತರುತ್ತದೆ, ದನಗಳಲ್ಲಿ ನಾವು ನೋಡುತ್ತಲೇ ಇರುತ್ತೇವೆ, ಮೊಲವೂ ಅದಕ್ಕೆ ಹೊರತಲ್ಲ. ಉಮ್ಮತ್ತಿಯದು ವಿಚಿತ್ರ ವಿಷಯ. ಕೆಲವು ಮೊಲಗಳ ರಕ್ತದಲ್ಲಿ, ಉಮ್ಮತ್ತಿಯಲ್ಲಿರುವ ಅಟ್ರೊಪಿನ್ ಎಂಬ ವಿಷವನ್ನು ಒಡೆಯುವ ಕಿಣ್ವ ಹುಟ್ಟಿನಿಂದಲೇ ಇರುತ್ತದೆ, ಅವು ಇಂಥ ಎಲೆ ತಿಂದೂ ಬದುಕಬಲ್ಲವು. ಎಲ್ಲ ಮೊಲಗಳಲ್ಲೂ ಇರುವುದಿಲ್ಲ. "ನಮ್ಮೂರಲ್ಲಿ ಒಬ್ಬರ ಮೊಲ ತಿಂದು ಏನೂ ಆಗಲಿಲ್ಲ" ಎಂಬ ಸಾಕ್ಷಿಗೆ ಬೆಲೆ ಕೊಡಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಹಾಗಾದರೆ ಮೊಲಕ್ಕೇ ಗೊತ್ತಿರುವುದಿಲ್ಲವೇ, ಯಾವುದು ತಿನ್ನಬೇಕೆಂದು? ಹುಡುಗಿಯ ಪ್ರಶ್ನೆ. ನಾವು ಸಾಕುವ ಮೊಲದ ಮೂಲ ಸ್ಪೇನ್, ಪೋರ್ಚುಗಲ್ ಕಡೆ. ನಮ್ಮ ಕಾಡುಮೊಲ ಬೇರೆಯೇ ಪ್ರಾಣಿ, ಅದನ್ನು ಹಿಡಿದು ಸಾಕುವುದಕ್ಕೆ ಕಾನೂನಿನ ಅಡ್ಡಿಯೂ ಇದೆ. ಮೆಕ್ಸಿಕೊದ ಮರ ತುಮಕೂರಿನ ಬದುವಿನಲ್ಲಿ, ಸ್ಪೇನಿನ ಪ್ರಾಣಿ ತುಮಕೂರಿನ ಗೂಡಿನಲ್ಲಿ. ಇವೆರಡಕ್ಕೂ ಪರಿಚಯವಾಗಲು ಕಾಲ ಎಲ್ಲಿತ್ತು? ಬಯಲಿನಲ್ಲಿ ಮೇಯುವ ಪ್ರಾಣಿ ಹತ್ತು ಗಿಡದಲ್ಲಿ ಒಂದೊಂದು ಬಾಯಿ ಹಾಕುತ್ತದೆ. ಗೂಡಿನದ್ದು ಹಾಕಿದ್ದನ್ನು ತಿನ್ನುತ್ತದೆ, ಬೇರೆ ಇಲ್ಲದಿದ್ದರೆ ಅದನ್ನೇ ಹೊಟ್ಟೆ ತುಂಬ ತಿನ್ನುತ್ತದೆ. ಗುಂಡನಿಗೆ ಆದದ್ದೂ ಅದೇ.

ಇನ್ನು ತಾತ ಹೊರಗಿನಿಂದ ತರುವುದು. ಜೋಳದ ಎಳೆ ಪೈರು, ಅದರಲ್ಲೂ ಮಳೆ ಕೈಕೊಟ್ಟು ಬಾಡಿದ್ದು, ಸಯನೈಡ್ ವಿಷದ್ದು. ಅದು ದನಕ್ಕೂ ಕೇಡು ಎಂದು ತಾತನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅಡಿಕೆ ತೋಟದ ಕಳೆಹುಲ್ಲು ತರುವುದಾದರೆ ಕಳೆನಾಶಕ ಹೊಡೆದಿದ್ದಾರೆಯೇ ಎಂದು ಕೇಳಲೇಬೇಕು. ಬಟರ್ ಫ್ರೂಟ್ ಎಲೆ ಬೇಡ. ಅವರ ನೆಂಟರೊಬ್ಬರದು ರೇಷ್ಮೆ ಬೆಳೆ ಎಂದು ಮಾತಿನಲ್ಲಿ ಬಂತು, ನನಗೆ ಬೇಕಾಗಿದ್ದದ್ದು ಅದೇ. ಹಿಪ್ಪುನೇರಳೆ ಸೊಪ್ಪು ಮೊಲಕ್ಕೆ ಬಹಳ ಹಿಡಿಸುತ್ತದೆ, ಎಳೆ ಕಡ್ಡಿಯ ತೊಗಟೆಯನ್ನೂ ಕೆರೆದು ತಿನ್ನುತ್ತದೆ, ಹಲ್ಲಿಗೂ ಒಳ್ಳೆಯದು. ಅದಕ್ಕಿಂತ ಮುಖ್ಯವಾಗಿ, ರೇಷ್ಮೆ ಹುಳು ಕೀಟನಾಶಕಕ್ಕೆ ಎಷ್ಟು ಸೂಕ್ಷ್ಮ ಎಂದರೆ ಔಷಧಿ ಹೊಡೆದ ತೋಟದ ಸೊಪ್ಪನ್ನು ರೈತ ದಿನ ಎಣಿಸದೆ ಹುಳಕ್ಕೆ ಹಾಕುವುದಿಲ್ಲ. "ಈಗ ಹುಳಕ್ಕೆ ಇದೇ ತೋಟದ್ದು ಹಾಕ್ತಿದ್ದೀರಾ?" ಎಂದು ಕೇಳಿ, ಹೌದು ಅಂದರೆ ತನ್ನಿ ಎಂದೆ. ತರಕಾರಿ ಮಾರ್ಕೆಟ್ಟಿನ ಯಾವ ಸೊಪ್ಪಿಗೂ ಇಂಥ ಖಾತರಿ ಸಿಗುವುದಿಲ್ಲ. ಮಾರ್ಕೆಟ್ಟಿನಿಂದ ಮೂಲಂಗಿ ಸೊಪ್ಪು, ಹೂಕೋಸಿನ ಎಲೆ, ಕ್ಯಾರೆಟ್ಟಿನ ತಲೆಸೊಪ್ಪು ತರಬಹುದು, ನೀರಿನಲ್ಲಿ ನೆನೆಸಿ, ಎರಡು ಸಲ ತೊಳೆದು ಹಾಕಬೇಕು. ಈರುಳ್ಳಿ ಸೊಪ್ಪು, ಆಲೂಗಡ್ಡೆ ಹಾಗೂ ಟೊಮೆಟೊ ಗಿಡದ ಎಲೆ ಬೇಡ. ಕ್ಯಾರೆಟ್ ಗಡ್ಡೆ ಕಾರ್ಟೂನಿನಲ್ಲಿ ಸರಿ. ಸಕ್ಕರೆ ಜಾಸ್ತಿ, ಒಂದು ಬಿಲ್ಲೆ ಸಾಕು.

ಯಾವ ಹೊಸ ಸೊಪ್ಪಾದರೂ ಒಂದು ಸಲಕ್ಕೆ ಒಂದೇ, ಎರಡೆಲೆಯಿಂದ ಶುರು, ನಾಲ್ಕು ದಿನ ಹಿಕ್ಕೆ ನೋಡಿ ಮುಂದಕ್ಕೆ. ಎರಡು ಹೊಸದನ್ನು ಒಟ್ಟಿಗೆ ಹಾಕಿ ಬೇಧಿಯಾದರೆ ಯಾವುದರಿಂದ ಎಂದು ದೇವರಿಗೂ ಗೊತ್ತಾಗದು. ಒಳ್ಳೆಯ ಹಿಕ್ಕೆ ದುಂಡಗೆ, ಒಣಗಿ, ಬೆರಳಲ್ಲಿ ಹಿಸುಕಿದರೆ ಹುಲ್ಲಿನ ಪುಡಿಯಾಗುತ್ತದೆ. ಇದಲ್ಲದೆ ಮೊಲ ರಾತ್ರಿ, ನಸುಕಿನಲ್ಲಿ ದ್ರಾಕ್ಷಿ ಗೊಂಚಲಿನಂಥ ಮೆತ್ತನೆಯ, ಹೊಳಪಿನ ಹಿಕ್ಕೆಯೊಂದನ್ನು ಹಾಕಿ ತಾನೇ ತಿನ್ನುತ್ತದೆ. ಅಸಹ್ಯ ಪಡಬೇಡಿ, ಕುರುಡು ಕರುಳಿನಲ್ಲಿ ತಯಾರಾದ ಸತ್ವ ಅದಕ್ಕೆ ದಕ್ಕುವುದೇ ಆ ದಾರಿಯಲ್ಲಿ. ಅದನ್ನು ತಿನ್ನದೆ ಗೂಡಿನಲ್ಲಿ ಬಿಟ್ಟಿದ್ದರೆ ಮೇವು ತುಂಬಾ ಪುಷ್ಟಿಯಾಯಿತು ಎಂದರ್ಥ. ಪೆಲೆಟ್ ಇಳಿಸಿ ಹುಲ್ಲು ಏರಿಸಬೇಕು.

ಆಮೇಲೆ

ಸುಬಾಬುಲ್ ನಿಲ್ಲಿಸಿ ಹತ್ತು ದಿನದೊಳಗೆ ಕೂದಲು ಕೈಗೆ ಬರುವುದು ನಿಂತಿತು. ಮೂರನೆಯ ವಾರ ಗುಂಡನ ಸೊಂಟದ ಬೋಳು ಜಾಗವನ್ನು ಬೆಳಕಿಗೆ ಹಿಡಿದರೆ ಮೊಳಕೆಯಂಥ ಬಿಳಿ ಕೂದಲು ಕಾಣುತ್ತಿತ್ತು. ಪುಟ್ಟಿಗೆ ಆ ಹೊತ್ತಿಗೆ ಏನೂ ಆಗೇ ಇರಲಿಲ್ಲವೇನೋ ಎಂಬಂತಿತ್ತು. ಜೂನ್ ಕೊನೆಗೆ ಗುಂಡ 2 ಕೆಜಿ ದಾಟಿದ್ದ, ಬೋಳು ಜಾಗ ಕೈಯಾಡಿಸಿ ಹುಡುಕಬೇಕಾದಷ್ಟು ಮುಚ್ಚಿತ್ತು. ಮೇಕೆಗಳಿಗೆ ಸುಬಾಬುಲ್ ಎಂದಿನಂತೆ ನಡೆದಿದೆ, ಅದನ್ನು ನಿಲ್ಲಿಸಿ ಎಂದು ನಾನು ಹೇಳಲಿಲ್ಲ. ಟಿವಿಎಸ್ಸಿನ ಹಿಂದೆ ಈಗ ಎರಡು ಕಟ್ಟು ಬರುತ್ತವೆ, ಮೊಲದ ಕಟ್ಟಿಗೆ ಟೀಚರ್ ಕೊಟ್ಟ ಕೆಂಪು ದಾರ.

ಒಂದು ಸಣ್ಣ ಏರುಪೇರು ನಡುವೆ ಆಯಿತು. ಮುಂಗಾರು ಬಿದ್ದ ಮೇಲೆ ಬದುವಿನಲ್ಲಿ ಎಳೆ ಹುಲ್ಲು ಎದ್ದಿತು. ಇಷ್ಟು ದಿನ ರಾಗಿ ಹುಲ್ಲು ಕಡಿದವಲ್ಲ ಪಾಪ ಎಂದು ತಾತ ಒಂದೇ ದಿನ ಹೊರೆ ಹಾಕಿದರು, ಪುಟ್ಟಿಯ ಹಿಕ್ಕೆ ಮೆತ್ತಗಾಯಿತು. ಹುಲ್ಲು ಸುರಕ್ಷಿತವಾದದ್ದೇ, ನೀರಿನಂಶ ಹೆಚ್ಚು, ನಾರು ಕಡಿಮೆ. ಫೋನಿನಲ್ಲೇ ಹೇಳಿದೆ: ಕೊಯ್ದದ್ದನ್ನು ಅರ್ಧ ದಿನ ನೆರಳಿನಲ್ಲಿ ಹರವಿ ಬಾಡಿಸಿ, ರಾಶಿ ಹಾಕಿದರೆ ಬಿಸಿಯೇರಿ ಕೆಡುತ್ತದೆ. ಮೊದಲ ವಾರ ಕಾಲು ಭಾಗ ಹಸಿ, ಉಳಿದದ್ದು ರಾಗಿ ಹುಲ್ಲು, ಆಮೇಲೆ ಮೆಲ್ಲಗೆ ಏರಿಸಿ. ಎರಡು ದಿನದಲ್ಲಿ ಹಿಕ್ಕೆ ಗಟ್ಟಿಯಾಯಿತು ಎಂದು ಹುಡುಗಿ ಮೆಸೇಜು ಮಾಡಿದಳು. ಜೊತೆಗೆ ಒಂದು ಫೋಟೊ, ಅಗಸೆ ಮರದ ಸೊಪ್ಪಿನದು, ತಾತ ಕೇಳ್ತಿದ್ದಾರೆ ಎಂದು. ಅಗಸೆ ಆಗುತ್ತದೆ, ಆದರೆ ಅದೂ ಸುಬಾಬುಲ್‌ನಂತೆ ದ್ವಿದಳ ಜಾತಿಯದು, ವಾರಕ್ಕೆರಡು ಸಲ ಒಂದು ಗರಿಗಿಂತ ಹೆಚ್ಚು ಬೇಡ ಎಂದು ಉತ್ತರಿಸಿದ್ದೇನೆ.